'ಜಸ್ಟ್' ಎಂದರೆ ಎಷ್ಟು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಉದ್ಯೋಗ. 'ಜಸ್ಟ್' ಎಂಬ ಪದ ಎದುರಾದಾಗಲೆಲ್ಲ ಕೈ ತಡೆಯುತ್ತದೆ. ನಿಘಂಟು ತೆರೆದರೆ 'ನ್ಯಾಯವಾದ' ಎಂಬ ಅರ್ಥ ಮೊದಲು ಕಾಣುತ್ತದೆ. ಕಂಪ್ಯೂಟರಿನ ಅನುವಾದ ಎಲ್ಲ ಕಡೆಗೂ 'ಕೇವಲ' ಎಂದು ಹಾಕಿಬಿಡುತ್ತದೆ. ಈ ಪದದ ಬೇರೆ ಬೇರೆ ಅರ್ಥಗಳಿಗೆ ಕನ್ನಡದಲ್ಲಿ ಏನೇನು ಬಳಸಬೇಕು?
– ಓದುಗರು, ಬಸವನಗುಡಿ

ಉತ್ತರ: ನಿಘಂಟು ಹೇಳಿದ್ದು ತಪ್ಪಲ್ಲ, ಆದರೆ ಅದು ಗುಣವಾಚಕದ ಅರ್ಥ. ನ್ಯಾಯವಾದ ತೀರ್ಪು, ನ್ಯಾಯವಾದ ಬೇಡಿಕೆ ಎನ್ನುವಾಗ ಬರುವ 'ಜಸ್ಟ್' ಅದು. ನ್ಯಾಯವಾಗಿ ಎನ್ನಬೇಕಾದರೆ ಇಂಗ್ಲಿಷಿನವರು 'ಜಸ್ಟ್ಲಿ' ಎನ್ನುತ್ತಾರೆ. ನಿಮ್ಮ ಕೈ ತಡೆಯುವಂತೆ ಮಾಡುತ್ತಿರುವುದು ಕ್ರಿಯಾವಿಶೇಷಣವಾದ 'ಜಸ್ಟ್'. ಎರಡರ ಮೂಲವೂ ಒಂದೇ. ಲ್ಯಾಟಿನ್ ಭಾಷೆಯಲ್ಲಿ 'ಯೂಸ್' ಎಂದರೆ ಕಾನೂನು, ಹಕ್ಕು. ಅದರಿಂದ ಹುಟ್ಟಿದ 'ಯೂಸ್ತುಸ್' ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಕಾನೂನಿಗೆ ಒಪ್ಪುವಂಥದ್ದು ಎಂಬ ಅರ್ಥ ಅಳತೆಗೆ ಒಪ್ಪುವಂಥದ್ದು ಎಂಬುದಕ್ಕೂ ಹಬ್ಬಿ, ಸುಮಾರು 1400ರ ಹೊತ್ತಿಗೆ ಈ ಪದ 'ಕರಾರುವಾಕ್ಕಾಗಿ' ಎಂಬ ಅರ್ಥದ ಕ್ರಿಯಾವಿಶೇಷಣವಾಗಿತ್ತು. 'ಇಷ್ಟೇ, ಇದಕ್ಕಿಂತ ಹೆಚ್ಚಲ್ಲ' ಎಂಬ ಅರ್ಥ ಅದಕ್ಕೆ ಕೂಡಿಕೊಂಡದ್ದು 17ನೆಯ ಶತಮಾನದಲ್ಲಿ.

ಕನ್ನಡಿಗರಿಗೆ ಈ ಬೆಳವಣಿಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. 'ನೀನು ಮಾಡಿದ್ದು ಸರಿ' ಎಂಬಲ್ಲಿ ನ್ಯಾಯದ ಮಾತಾಡುವ 'ಸರಿ'ಯೇ 'ಸರಿಯಾಗಿ ಹತ್ತು ಗಂಟೆಗೆ ಬಂದ' ಎಂಬಲ್ಲಿ ಅಳತೆಯ ಮಾತಾಡುತ್ತದೆ. ಸಂಸ್ಕೃತದಿಂದ ಬಂದ 'ಮಾತ್ರ' ಮೂಲದಲ್ಲಿ ಅಳತೆ ಎಂಬ ಅರ್ಥದ್ದು. 'ಅಷ್ಟೇ ಅಳತೆಯದು' ಎಂಬ ಅರ್ಥದಿಂದ ಅದು 'ಅದೊಂದೇ, ಬೇರೆಯಲ್ಲ' ಎಂಬಲ್ಲಿಗೆ ಬಂದಿದೆ. ನಮ್ಮದೇ ಆದ 'ಅಷ್ಟೇ' ಎಂಬುದಂತೂ 'ಅಷ್ಟು' ಎಂಬ ಪ್ರಮಾಣವಾಚಕಕ್ಕೆ ಅವಧಾರಣೆಯ 'ಏ' ಸೇರಿ ಆದದ್ದು. ಹೀಗೆ ಮೂರೂ ಅಳತೆಯ ಪದಗಳೇ. 'ಜಸ್ಟ್' ಕೂಡ ಅಳತೆಯ ಪದವೆಂದು ಹಿಡಿದುಕೊಂಡು, ಅದು ವಾಕ್ಯದಲ್ಲಿ ಯಾವುದನ್ನು ಅಳೆಯುತ್ತಿದೆ ಎಂದು ಕೇಳಿಕೊಂಡರೆ ಅರ್ಧ ತೊಡಕು ಬಿಡಿಸಿದಂತಾಗುತ್ತದೆ.

ಒಂದು ಚಿಕ್ಕ ವಾಕ್ಯವನ್ನೇ ಹತ್ತಿರದಿಂದ ನೋಡೋಣ: 'ಐ ಜಸ್ಟ್ ಸಾ ಹಿಮ್.' ಬರಹದಲ್ಲಿ ಇದಕ್ಕೆ ಎರಡು ಅರ್ಥ ಹೇಳಬಹುದು. ಅವನನ್ನು ಕಂಡು ಹೆಚ್ಚು ಹೊತ್ತಾಗಿಲ್ಲ ಎನ್ನುವುದು ಒಂದು. ಕಂಡೆನೇ ಹೊರತು ಮಾತನಾಡಿಸಲಿಲ್ಲ ಎನ್ನುವುದು ಇನ್ನೊಂದು. ಇಂಗ್ಲಿಷಿನವರು ಇದನ್ನು ಸಂದರ್ಭದಿಂದ, ಮಾತಿನಲ್ಲಾದರೆ ಧ್ವನಿಯ ಒತ್ತಿನಿಂದ ತಿಳಿಯುತ್ತಾರೆ. ಕನ್ನಡದಲ್ಲಿ ಮೊದಲನೆಯದು 'ಈಗಷ್ಟೇ ಅವನನ್ನು ನೋಡಿದೆ', ಎರಡನೆಯದು 'ಅವನನ್ನು ನೋಡಿದೆ ಅಷ್ಟೇ'. ಎರಡು ಕಡೆಯೂ ಇರುವುದು ಅದೇ 'ಅಷ್ಟೇ'. ಒಂದರಲ್ಲಿ ಅದು ಕಾಲದ ಮಗ್ಗುಲಲ್ಲಿ ನಿಂತು ಕಾಲವನ್ನು ಅಳೆಯುತ್ತದೆ, ಇನ್ನೊಂದರಲ್ಲಿ ಕ್ರಿಯೆಯ ಮಗ್ಗುಲಲ್ಲಿ ನಿಂತು ಕ್ರಿಯೆಯನ್ನು ಅಳೆಯುತ್ತದೆ. ಇಂಗ್ಲಿಷಿನ 'ಜಸ್ಟ್' ತಾನು ಮಿತಿ ಹಾಕುವ ಪದಕ್ಕಿಂತ ಮುಂಚೆ ಬರುತ್ತದೆ. ನಮ್ಮ 'ಅಷ್ಟೇ', 'ಮಾತ್ರ', 'ಏ' ಮೂರೂ ಪದದ ಬೆನ್ನಿಗೆ ಬರುತ್ತವೆ. ಈ ಒಂದು ವ್ಯತ್ಯಾಸವನ್ನು ಮರೆತು ಇಂಗ್ಲಿಷಿನ ಸ್ಥಾನದಲ್ಲೇ ಕನ್ನಡ ಪದವನ್ನು ಕೂರಿಸುವುದರಿಂದಲೇ ಅನುವಾದದ ವಾಕ್ಯಗಳು ಕಾಲು ತೊಡರಿದಂತೆ ನಡೆಯುತ್ತವೆ.

ಹೋಲಿಕೆಯಲ್ಲೂ ಇದೇ ಪದ ನಮ್ಮ ನೆರವಿಗೆ ಬರುತ್ತದೆ. ತಂಗಿಯೂ ಅಕ್ಕನ ಹಾಗೆ 'ಜಸ್ಟ್ ಆ್ಯಸ್ ಟಾಲ್' ಎಂದರೆ ತಂಗಿಯೂ ಅಷ್ಟೇ ಎತ್ತರ. ಸ್ಥಳದ ಮಾತು ಬಂದಾಗ ಬರೀ 'ಏ' ಸಾಕು: ಹೈಕೋರ್ಟು ವಿಧಾನಸೌಧದ 'ಜಸ್ಟ್ ಆಪೋಸಿಟ್' ಇದೆ ಎಂಬುದನ್ನು 'ವಿಧಾನಸೌಧದ ಎದುರಿಗೇ ಇದೆ' ಎಂದರೆ ಒಂದಕ್ಷರವೂ ನಷ್ಟವಾಗುವುದಿಲ್ಲ. ಸಂಖ್ಯೆಗಳ ಜೊತೆ 'ಜಸ್ಟ್ ಓವರ್' ಎಂದು ಬಂದಾಗ ಮಾತ್ರ 'ಅಷ್ಟೇ' ನಡೆಯದು. ಬೆಂಗಳೂರು ಸಮುದ್ರಮಟ್ಟದಿಂದ 'ಜಸ್ಟ್ ಓವರ್' 900 ಮೀಟರ್ ಎತ್ತರದಲ್ಲಿದೆ ಎಂದಿದ್ದರೆ '900 ಮೀಟರಿಗಿಂತ ತುಸು ಹೆಚ್ಚು ಎತ್ತರದಲ್ಲಿದೆ' ಎನ್ನಬೇಕು. 'ಕೇವಲ 900 ಮೀಟರ್' ಎಂದು ಬರೆದರೆ ತುಸು ಹೆಚ್ಚು ಎಂಬ ಅರ್ಥ ಹೋಗಿ, ಎತ್ತರ ಸಾಲದು ಎಂಬ ದೂರು ಸೇರಿಕೊಳ್ಳುತ್ತದೆ.

ಈ 'ಕೇವಲ'ದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಂಸ್ಕೃತದಲ್ಲಿ ಅದು ಬೇರೇನೂ ಬೆರೆಯದ, ತಾನೊಂದೇ ಆದ ಎಂಬ ಅರ್ಥದ ಪದ. ಜೈನರಲ್ಲಿ ಕೇವಲಜ್ಞಾನವೆಂದರೆ ಎಲ್ಲಕ್ಕಿಂತ ದೊಡ್ಡ ಅರಿವು. ಆಡುಗನ್ನಡದಲ್ಲಿ ಅದಕ್ಕೆ ಕೀಳೆಣಿಕೆಯ ಛಾಯೆ ಬಂದಿದೆ. ಯಾರನ್ನಾದರೂ 'ಕೇವಲವಾಗಿ ಕಂಡರು' ಎಂದರೆ ಅವಮಾನ ಮಾಡಿದರು ಎಂದೇ ಅರ್ಥ. ಆದ್ದರಿಂದ 'ಅವನು ಕೇವಲ ಒಬ್ಬ ಗುಮಾಸ್ತ' ಎಂಬಲ್ಲಿ ಬರೆದವರಿಗೆ ಆ ತಾತ್ಸಾರ ಬೇಕಿದ್ದರೆ ಪದ ಒಪ್ಪುತ್ತದೆ. 'ಜಸ್ಟ್ ಎ ಮಿನಿಟ್' ಎಂಬುದಕ್ಕೆ 'ಕೇವಲ ಒಂದು ನಿಮಿಷ' ಎಂದು ಮೊಬೈಲ್ ಪರದೆಯ ಮೇಲೆ ಬರೆಯುವುದು ಒಪ್ಪುವುದಿಲ್ಲ. 'ಒಂದೇ ನಿಮಿಷ', 'ಒಂದು ನಿಮಿಷ ಇರಿ' ಎಂದು ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಕಂಪ್ಯೂಟರಿನ ಅನುವಾದ ನೋಡಿ ನೋಡಿ ನಮ್ಮ ಮಕ್ಕಳಿಗೆ ಇದೇ ಕನ್ನಡ ಎಂದು ಅನ್ನಿಸಿಬಿಡುತ್ತದೆಯೋ ಎಂಬ ಕಳವಳ ನನಗಿದೆ. ನಿಮ್ಮಂಥ ಅನುವಾದಕರು ಒಂದೊಂದು ವಾಕ್ಯದಲ್ಲೂ ಅದನ್ನು ತಡೆಯಬಲ್ಲಿರಿ.

ಅಳತೆಯಿಂದ ದೂರ ಸರಿದ ಬಳಕೆಗಳೂ ಕೆಲವು ಇವೆ. 'ಕುಡ್ ಯೂ ಜಸ್ಟ್ ಸೈನ್ ಹಿಯರ್' ಎಂದು ಬ್ಯಾಂಕಿನಲ್ಲಿ ಕೇಳಿದರೆ ಅಲ್ಲಿ ಸಹಿಗೆ ಮಿತಿ ಹಾಕುತ್ತಿಲ್ಲ. ಕೆಲಸ ಚಿಕ್ಕದು, ನಿಮಗೆ ತೊಂದರೆಯಿಲ್ಲ ಎಂದು ಕೇಳಿಕೆಯನ್ನು ಮೆದುವಾಗಿಸುತ್ತಿದ್ದಾರೆ. ನಾವು ಇದಕ್ಕೆ 'ಒಂದು', 'ಸ್ವಲ್ಪ' ಎಂಬ ಪದಗಳನ್ನು ಇಟ್ಟುಕೊಂಡಿದ್ದೇವೆ: 'ಇಲ್ಲೊಂದು ಸಹಿ ಹಾಕಿ', 'ಸ್ವಲ್ಪ ಈ ಕಡೆ ಬನ್ನಿ'. ಮೋಡ ಕಂಡು 'ಜಸ್ಟ್ ಇನ್ ಕೇಸ್' ಕೊಡೆ ತೆಗೆದುಕೊಂಡವರು ಕನ್ನಡದಲ್ಲಿ 'ಇರಲಿ ಅಂತ ಕೊಡೆ ತಂದೆ' ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ತೋಚುವುದಿಲ್ಲ. ಕಾರಣವಿಲ್ಲದ 'ಜಸ್ಟ್'ಗೆ 'ಸುಮ್ಮನೆ' ಇದೆ. ಹೊರಡುವ ಹೊತ್ತಿನ 'ಜಸ್ಟ್ ಅಬೌಟ್ ಟು ಲೀವ್' ಎಂಬುದಕ್ಕೆ 'ಹೊರಡುವುದರಲ್ಲಿದ್ದೆ' ಇದೆ. ಇನ್ನು ಹೊಗಳುವಾಗ ಬರುವ 'ಇಟ್ ವಾಸ್ ಜಸ್ಟ್ ವಂಡರ್‌ಫುಲ್' ಎಂಬುದಕ್ಕೆ 'ಅದ್ಭುತವೇ ಸರಿ' ಎಂದಾಗ, ಮೊದಲು ಹೇಳಿದ ಆ 'ಸರಿ' ಇಲ್ಲಿಯೂ ಬಂದು ನಿಂತಿರುವುದನ್ನು ಗಮನಿಸಿ.

ಕೊನೆಯದಾಗಿ ನಕಾರದ ವಿಷಯ, ಏಕೆಂದರೆ ಅಲ್ಲಿ ತಪ್ಪಿದರೆ ಅರ್ಥವೇ ಬುಡಮೇಲಾಗುತ್ತದೆ. 'ಹಿ ಈಸ್ ನಾಟ್ ಜಸ್ಟ್ ಎ ಸಿಂಗರ್' ಎಂದರೆ ಅವನು ಬರೀ ಹಾಡುಗಾರನಲ್ಲ, ಇನ್ನೂ ಏನೇನೋ ಹೌದು. 'ಹಿ ಈಸ್ ಜಸ್ಟ್ ನಾಟ್ ಎ ಸಿಂಗರ್' ಎಂದರೆ ಅವನು ಹಾಡುಗಾರನೇ ಅಲ್ಲ. 'ನಾಟ್' ಮೊದಲು ಬಂದರೆ ಅದು ಮಿತಿಯನ್ನು ಅಲ್ಲಗಳೆಯುತ್ತದೆ. 'ಜಸ್ಟ್' ಮೊದಲು ಬಂದರೆ ಅದು ಅಲ್ಲಗಳೆಯುವುದಕ್ಕೇ ಒತ್ತು ಕೊಡುತ್ತದೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. 'ಐ ಜಸ್ಟ್ ಏಟ್' ಎಂದು ಬರೆದ ವಿದ್ಯಾರ್ಥಿಗೆ 'ಐ ಹ್ಯಾವ್ ಜಸ್ಟ್ ಈಟನ್' ಎಂದು ತಿದ್ದಿದೆ. ಸಿನಿಮಾಗಳಲ್ಲಿ ಮೊದಲನೆಯದನ್ನೇ ಹೇಳುತ್ತಾರಲ್ಲ ಎಂದು ಅವನು ಕೇಳಿದ. ಯಾವುದು ಸರಿ?
– ಶಿಕ್ಷಕಿ, ರಾಜಾಜಿನಗರ

ಉತ್ತರ: ಎರಡೂ ಸರಿ. ಭೂತಕಾಲದ ರೂಪ ಅಮೆರಿಕದಲ್ಲಿ ಸಹಜ, 'ಹ್ಯಾವ್' ಸೇರಿದ ರೂಪ ಬ್ರಿಟಿಷ್ ಬಳಕೆಯಲ್ಲಿ ರೂಢಿ. ನಮ್ಮ ಶಾಲೆಗಳ ವ್ಯಾಕರಣ ಬ್ರಿಟಿಷ್ ಪದ್ಧತಿಯದಾದ್ದರಿಂದ ಪರೀಕ್ಷೆಯಲ್ಲಿ ಎರಡನೆಯದನ್ನು ಬರೆಯಲು ಹೇಳಿ, ಆದರೆ ಮೊದಲನೆಯದನ್ನು ತಪ್ಪೆಂದು ಕೆಂಪು ಗೆರೆ ಎಳೆಯಬೇಡಿ. 'ಈಗ ತಾನೆ ಊಟ ಮಾಡಿದೆ' ಎಂದು ಭೂತಕಾಲದಲ್ಲೇ ಹೇಳುವುದು ಕನ್ನಡದ ಜಾಯಮಾನ. ಹುಡುಗ ಸಿನಿಮಾ ನೋಡದಿದ್ದರೂ ಹಾಗೆಯೇ ಬರೆಯುತ್ತಿದ್ದನೇನೋ.

ತಿದ್ದಬೇಕಾದ ತಪ್ಪು ಬೇರೊಂದಿದೆ. 'ಐ ಹ್ಯಾವ್ ಕಮ್ ಜಸ್ಟ್ ನೌ' ಎಂದು ಬೆಂಗಳೂರಿನಲ್ಲಿ ದಿನವೂ ಕೇಳುತ್ತೇವೆ. 'ಜಸ್ಟ್ ನೌ' ಎಂಬ ಜೋಡಿಪದ ಸ್ವಲ್ಪ ಹೊತ್ತಿನ ಹಿಂದೆ ಎಂಬ ಅರ್ಥದಲ್ಲಿ ಬಂದಾಗ ಬ್ರಿಟಿಷ್ ಬಳಕೆಯಲ್ಲೂ ಸಾಮಾನ್ಯ ಭೂತಕಾಲವೇ ಬರಬೇಕು: 'ಐ ಕೇಮ್ ಜಸ್ಟ್ ನೌ'. ಇದೇ ಜೋಡಿಪದಕ್ಕೆ ಸದ್ಯಕ್ಕೆ, ಈ ಹೊತ್ತಿನಲ್ಲಿ ಎಂಬ ಅರ್ಥವೂ ಇದೆ. ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಂತೂ ಅದು 'ಇನ್ನು ಸ್ವಲ್ಪ ಹೊತ್ತಿಗೆ' ಎಂದಾಗುತ್ತದೆ. ಅಲ್ಲಿಯವರು 'ಜಸ್ಟ್ ನೌ' ಮಾಡುತ್ತೇನೆ ಎಂದರೆ ಕೆಲಸ ತಕ್ಷಣ ಆಗುತ್ತದೆಂದು ಕಾಯಬಾರದು.

ಪ್ರಶ್ನೆ: ಬೈಕು ಗುದ್ದದೆ ಪಾರಾದರೆ 'ಜಸ್ಟ್ ಮಿಸ್ಸು' ಎನ್ನುತ್ತೇವೆ. ಬಸ್ಸು ತಪ್ಪಿಹೋದರೂ 'ಜಸ್ಟ್ ಮಿಸ್ಸಾಯ್ತು' ಎನ್ನುತ್ತೇವೆ. ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಇಂಗ್ಲಿಷಿನಲ್ಲೂ ಹೀಗೆಯೇ ಇದೆಯೇ?
– ಓದುಗರು, ವಿಜಯನಗರ

ಉತ್ತರ: 'ಜಸ್ಟ್' ಇಲ್ಲಿ ಹೇಳುವುದು ಅಂತರ ತೀರ ಕಡಿಮೆ ಎಂಬುದನ್ನು ಮಾತ್ರ, ಒಳಿತು ಕೆಡುಕು ಏನು ತಪ್ಪಿತು ಎಂಬುದರ ಮೇಲೆ ನಿಂತಿದೆ. ಬಸ್ಸಿನ ವಿಷಯದಲ್ಲಿ ಇಂಗ್ಲಿಷಿನವರೂ 'ಐ ಜಸ್ಟ್ ಮಿಸ್ಡ್ ದ ಬಸ್' ಎನ್ನುತ್ತಾರೆ. ಅಪಾಯ ತಪ್ಪಿದಾಗ 'ಜಸ್ಟ್ ಮಿಸ್' ಎಂದು ನಾಮಪದದ ಹಾಗೆ ಹೇಳುವುದು ನಮ್ಮ ಕಡೆಯ ಬಳಕೆ. ಅವರು 'ನಿಯರ್ ಮಿಸ್' ಎನ್ನುತ್ತಾರೆ. ಕನ್ನಡದಲ್ಲಿ ಬರೆಯುವಾಗ ಬಸ್ಸು 'ಸ್ವಲ್ಪದರಲ್ಲಿ ತಪ್ಪಿಹೋಯಿತು' ಎನ್ನಿ. ಜೀವ ಉಳಿದರೆ 'ಕೂದಲೆಳೆಯಲ್ಲಿ ಪಾರಾದೆ' ಎನ್ನಿ.

ಪ್ರಶ್ನೆ: 'ಅಡ್ಜಸ್ಟ್' ಎಂಬುದರ ಒಳಗಿರುವ 'ಜಸ್ಟ್' ಇದೇ ಪದವೇ?
– ವಿದ್ಯಾರ್ಥಿ, ಮಲ್ಲೇಶ್ವರ

ಉತ್ತರ: ಕಾಣುವುದು ಹಾಗೆ, ಮೂಲ ಬೇರೆ. ಲ್ಯಾಟಿನ್‌ನ 'ಯುಕ್ಸ್ತಾ' ಎಂದರೆ ಹತ್ತಿರ, ಪಕ್ಕದಲ್ಲಿ. ಒಂದರ ಪಕ್ಕಕ್ಕೆ ಇನ್ನೊಂದನ್ನು ತರುವುದು ಎಂಬ ಅರ್ಥದ ಹಳೆಯ ಫ್ರೆಂಚ್ ಕ್ರಿಯಾಪದವೊಂದು ಅದರಿಂದ ಹುಟ್ಟಿತು. ಆಮೇಲೆ ಜನ ಅದನ್ನು 'ಯೂಸ್ತುಸ್' ಪದದಿಂದ ಬಂದದ್ದೆಂದು ಭಾವಿಸಿದ್ದರಿಂದ ಕಾಗುಣಿತವೂ ಅರ್ಥವೂ ಆ ಕಡೆಗೆ ವಾಲಿದವು. ಬಸ್ಸಿನ ಸೀಟಿನಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಪಕ್ಕಕ್ಕೆ ಸರಿಯಲು ಕೇಳುವ ಬೆಂಗಳೂರಿನವರು ತಿಳಿಯದೆಯೇ ಆ ಹಳೆಯ ಅರ್ಥಕ್ಕೆ ಹತ್ತಿರವಿದ್ದಾರೆ.