ಅಜ್ಜನ ಭಾಷಣ ತೆಗೆದುಬಿಡಿ, ಮೇಷ್ಟ್ರೇ

(ಮಳವಳ್ಳಿ ಕಡೆಯ ಶಾಲೆಯೊಂದರ ಮೇಷ್ಟ್ರು ತಾವು ಬರೆದ ಮಕ್ಕಳ ನಾಟಕದ ಜೊತೆ ಒಂದು ಪತ್ರ ಕಳಿಸಿದ್ದಾರೆ. 'ದಯೆ, ಗೆಳೆತನದ ಬಗ್ಗೆ ಬರೆದಿದ್ದೇನೆ. ಮಕ್ಕಳು ಮಾತನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಯಾರ ಮುಖದಲ್ಲೂ ಖುಷಿಯಿಲ್ಲ. ತಪ್ಪೆಲ್ಲಿ? ಇದನ್ನೇ ಕಾದಂಬರಿ ಮಾಡಿದರೆ ಸರಿಹೋಗುತ್ತಾ?' ಎಂದು ಕೇಳಿದ್ದಾರೆ.)

ನಮಸ್ಕಾರ ಮೇಷ್ಟ್ರೇ,

ನಾಟಕದ ಶುರು ಚೆನ್ನಾಗಿದೆ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದವರ ಹುಡುಗ ಶಾಲೆಗೆ ಸೇರುತ್ತಾನೆ. ಅವನ ಮಾತಿನ ಧಾಟಿ ಕೇಳಿ ಉಳಿದವರು ನಗುತ್ತಾರೆ. ಇದು ನಿಮ್ಮ ಮಕ್ಕಳು ಕಣ್ಣಾರೆ ಕಂಡದ್ದು. ಆಮೇಲೆ ಅಜ್ಜ ಬರುತ್ತಾನೆ, ಒಂದೂವರೆ ಪುಟ ಮಾತಾಡುತ್ತಾನೆ. ಮಕ್ಕಳು 'ಹೌದು ತಾತ, ಇನ್ನು ಮುಂದೆ ನಾವು ಪರಸ್ಪರ ಸಹಕರಿಸುತ್ತೇವೆ' ಅನ್ನುತ್ತಾರೆ. ಪರದೆ ಬೀಳುತ್ತದೆ. ಖುಷಿ ಹೋಗಿದ್ದು ಅಲ್ಲೇ.

ಮಕ್ಕಳು ಹಾಗೆಲ್ಲ ಬದಲಾಗಲ್ಲ ಅಲ್ವಾ? ಬೆಳಿಗ್ಗೆ ಠೂ ಬಿಟ್ಟವರು ಮಧ್ಯಾಹ್ನ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಾರೆ. ನಡುವೆ ಯಾರೂ ಬುದ್ಧಿ ಹೇಳಿರುವುದಿಲ್ಲ. ಏನೋ ಒಂದು ನಡೆದಿರುತ್ತದೆ. ನೀವು ಬರೆಯಬೇಕಾದ್ದು ಅದನ್ನು.

ನಿಮ್ಮ ಬಿಸಿಯೂಟದ ದೃಶ್ಯವನ್ನೇ ತಗೊಳ್ಳಿ. ಎಲ್ಲರೂ ತಮ್ಮ ಅನ್ನ ಸಾರನ್ನು ಹೊಸ ಹುಡುಗನಿಗೆ ಹಂಚುತ್ತಾರೆ. ಆದರೆ ಬಿಸಿಯೂಟದಲ್ಲಿ ಕೇಳಿದರೆ ಇನ್ನೊಂದು ಸೌಟು ಹಾಕುತ್ತಾರೆ. ಕೊಟ್ಟವರಿಗೆ ಕಳೆದುಕೊಂಡಿದ್ದೇನೂ ಇಲ್ಲ. ಮೊಟ್ಟೆ ಹಾಗಲ್ಲ, ತಟ್ಟೆಗೆ ಒಂದೇ. ಹೊಸ ಹುಡುಗನ ಮೊಟ್ಟೆ ಉರುಳಿ ಮಣ್ಣಿಗೆ ಬೀಳಲಿ. ಅವನನ್ನು ಜಾಸ್ತಿ ಆಡಿಕೊಂಡ ಹುಡುಗನೇ ಪಕ್ಕದಲ್ಲಿ ಕೂತಿರಲಿ. ಅವನು ಮೊಟ್ಟೆಯ ಬಿಳಿ ಭಾಗ ಬಿಡಿಸಿ ತಿಂದು, ಸ್ವಲ್ಪ ಹೊತ್ತು ಸುಮ್ನೆ ಕೂತು, ಹಳದಿಯನ್ನು ಪಕ್ಕದ ತಟ್ಟೆಗೆ ಹಾಕಲಿ. 'ತಕ್ಕಳ್ಲಾ, ನಂಗೆ ಹಳ್ದಿ ಸೇರಾಕಿಲ್ಲ ಕನ.' ಇದು ಸುಳ್ಳು. ನೋಡುವ ಮಕ್ಕಳಿಗೂ ಗೊತ್ತಾಗಬೇಕು. ಅದಕ್ಕೆ ಹಿಂದಿನ ದೃಶ್ಯದಲ್ಲಿ ಇದೇ ಹುಡುಗ ಹಳದಿಗೋಸ್ಕರ ತಂಗಿಯ ಹತ್ತಿರ ಜಗಳ ಆಡಿರಬೇಕು. ಇಷ್ಟಾದ ಮೇಲೆ ಅಜ್ಜನಿಗೆ ಹೇಳಲು ಏನು ಉಳಿಯಿತು, ನೀವೇ ಹೇಳಿ.

ಮೈಸೂರಿನಲ್ಲೇ ಬಾಳಿದ ಕುವೆಂಪು ಅವರ 'ನನ್ನ ಗೋಪಾಲ' ನಾಟಕವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಕಾಡುದಾರಿಗೆ ಹೆದರುವ ಬಡ ಹುಡುಗ, ಕರೆದರೆ ಬರುವ ಗೆಳೆಯ. ಮೊದಲು ಹುಡುಗನ ಹೆದರಿಕೆ ನಮಗೆ ತಟ್ಟುತ್ತದೆ, ಆಮೇಲೆ ಗೆಳೆಯ ಬರುತ್ತಾನೆ. ಈ ಸರದಿ ಮುಖ್ಯ.

ಇನ್ನೊಂದು ಮಾತು. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಆರು ಜನಕ್ಕೆ ಮಾತ್ರ ಪಾತ್ರ ಕೊಟ್ಟು ಗೆಳೆತನದ ನಾಟಕ ಆಡಿಸುವುದು ಏನು ಚೆಂದ? ಉಳಿದವರನ್ನು ಕಬ್ಬಿನ ಗದ್ದೆ ಮಾಡಿ. ಕೈಯಲ್ಲೊಂದು ಸೋಗೆ ಹಿಡಿದು ನಿಲ್ಲಲಿ, ಗಾಳಿ ಬಂದಾಗ ಓಲಾಡಲಿ, ಹುಡುಗರು ಜಗಳ ಆಡುವಾಗ ಪಿಸುಗುಡಲಿ. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ, ಅಂದರೆ ಮಕ್ಕಳ ರಂಗ ಶಿಬಿರಕ್ಕೆ, ಒಮ್ಮೆ ಬನ್ನಿ. ರಂಗಾಯಣ ಅಂದರೆ ನಿರ್ದೇಶಕ ಬಿ.ವಿ. ಕಾರಂತರು ಕಟ್ಟಿ ಬೆಳೆಸಿದ ನಾಟಕ ಸಂಸ್ಥೆ, 1989ರಲ್ಲಿ ಶುರುವಾಯಿತು. ಮಕ್ಕಳ ಗುಂಪನ್ನು ರಂಗದ ಮೇಲೆ ಹೇಗೆ ದುಡಿಸಿಕೊಳ್ಳಬಹುದು ಅನ್ನುವುದು ಓದಿ ತಿಳಿಯುವುದಕ್ಕಿಂತ ನೋಡಿದರೆ ಬೇಗ ಗೊತ್ತಾಗುತ್ತದೆ.

ಇನ್ನು ಕಾದಂಬರಿ. ನಾಟಕವನ್ನೇ ಹಿಗ್ಗಿಸಿದರೆ ಆಗಲ್ಲ. ಆದರೆ ನಾಟಕಕ್ಕೆ ಹಿಡಿಸದ ಒಂದು ವಿಷಯ ನಿಮ್ಮ ಕಥೆಯಲ್ಲೇ ಇದೆ. ಕಟಾವು ಮುಗಿದರೆ ಈ ಹುಡುಗ ಊರು ಬಿಡುತ್ತಾನೆ. ಮುಗಿಯುವ ದಿನ ಮೊದಲೇ ಗೊತ್ತಿರುವ ಗೆಳೆತನ ಇದು. ಕಡಿದ ಕಬ್ಬು ಒಣಗಿದರೆ ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಬೇಗ ಕಾರ್ಖಾನೆಗೆ ಸಾಗಿಸಬೇಕು, ಲೋಡು ತುಂಬುವ ದಿನ ದೊಡ್ಡವರೆಲ್ಲ ಗದ್ದೆಯಲ್ಲಿರುತ್ತಾರೆ. ಪುಟ್ಟ ತಂಗಿಯನ್ನು ನೋಡಿಕೊಳ್ಳಲು ಹುಡುಗ ಗುಡಿಸಲಲ್ಲೇ ಉಳಿಯುತ್ತಾನೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಅವನ ಹೆಸರಿಗೆ ಗೆಳೆಯ 'ಬಂದಿವ್ನಿ ಸಾ' ಅಂದುಬಿಟ್ಟರೆ? ಇಡೀ ತರಗತಿಗೆ ನಿಜ ಗೊತ್ತು. ಮೇಷ್ಟ್ರಿಗೂ ಗೊತ್ತು. ಅವರು ಏನು ಮಾಡುತ್ತಾರೆ ಅನ್ನುವುದನ್ನು ನನಗಿಂತ ನೀವೇ ಚೆನ್ನಾಗಿ ಬರೆಯುತ್ತೀರಿ.

ಅಧ್ಯಾಯಗಳು ಚಿಕ್ಕದಿರಲಿ, ಒಂದು ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿ ಮುಗಿಸುವಷ್ಟು. ಮೊದಲ ಮೂರು ಬರೆದು ಕಳಿಸಿ. ಕೈಬರಹವಾದರೂ ಪರವಾಗಿಲ್ಲ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.

— ಸಂಪಾದಕ