ಸಂಪಾದಕರ ಉತ್ತರ: ರನ್ನನ ರಣರಂಗದಲ್ಲಿ ಅತ್ತವರು

ಕಾರ್ಕಳದ ನಿವೃತ್ತ ಕನ್ನಡ ಅಧ್ಯಾಪಕರಿಗೆ ನಮಸ್ಕಾರ.

ಗಡಿಯಲ್ಲಿ ಮಡಿದ ಯೋಧನೊಬ್ಬನ ಹೆಂಡತಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕಥೆಯನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಆ ಕಥೆಯಲ್ಲಿ ಯೋಧನ ಶೌರ್ಯದ ಬಗ್ಗೆ ಒಂದು ಸಾಲೂ ಇಲ್ಲ, ಪಿಂಚಣಿಯ ಕಾಗದ ಹಿಡಿದು ಕಚೇರಿಗಳಿಗೆ ಅಲೆಯುವ ಹೆಂಗಸಿನ ಗೋಳು ಮಾತ್ರ ಇದೆ ಎಂಬುದು ತಮ್ಮ ಮೊದಲ ಆಕ್ಷೇಪ. ಯುದ್ಧವನ್ನು ಕಣ್ಣೀರಿನಿಂದ ಅಳೆಯುವ ಈ ರೂಢಿ ಎರಡು ಮಹಾಯುದ್ಧಗಳ ಬಳಿಕ ಪಶ್ಚಿಮದಿಂದ ಬಂದದ್ದು, ವೀರಗಲ್ಲು ನೆಟ್ಟ ನಾಡಿಗೆ ಅದು ಒಗ್ಗುವುದಿಲ್ಲ ಎಂಬುದು ಎರಡನೆಯದು.

ಮೊದಲನೆಯದರಲ್ಲಿ ಸತ್ಯವಿದೆ. ಸತ್ತವನು ಏನು ಮಾಡುತ್ತಿದ್ದ, ಯಾವುದಕ್ಕೆ ಹೆದರುತ್ತಿದ್ದ, ಯಾವುದಕ್ಕೆ ಹೆದರಲಿಲ್ಲ ಎಂಬುದನ್ನು ಹೇಳದೆ ಅವನಿಗಾಗಿ ಅಳಿಸುವ ಬರಹ ಬೇಗನೆ ಸವೆದುಹೋಗುತ್ತದೆ. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ತಮ್ಮ ಊರಿನ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿ ಎತ್ತರದ ಗೊಮ್ಮಟನಿಂದಲೇ ಆರಂಭಿಸೋಣ. ಆತನ ಕಥೆಯನ್ನು ಪಂಪ 941ರ ಸುಮಾರಿಗೆ ಆದಿಪುರಾಣದಲ್ಲಿ ಹೇಳಿದ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ಅಡ್ಡ ಬರುತ್ತಾರೆ. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಇದೇ ಜನ್ಮದಲ್ಲಿ ಮೋಕ್ಷಕ್ಕೆ ಸಲ್ಲುವವರು; ಯುದ್ಧದಿಂದ ಇವರಿಗೇನೂ ಆಗದು, ಸಾಯುವುದು ಎರಡೂ ಕಡೆಯ ಜನ ಮಾತ್ರ ಎಂಬುದು ಅವರ ವಾದ. ಆದ್ದರಿಂದಲೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಏರ್ಪಾಡಾಗುತ್ತದೆ. ಯುದ್ಧವನ್ನು ತೀರ್ಮಾನಿಸುವವರು ಯಾರು, ಅದರಲ್ಲಿ ಅಳಿಯುವವರು ಯಾರು ಎಂಬ ಪ್ರಶ್ನೆಯನ್ನು ಕವಿಯೂ ಕಲಿಯೂ ಎನಿಸಿಕೊಂಡ ಪಂಪ ನಮ್ಮ ಸಾಹಿತ್ಯದ ಹೊಸ್ತಿಲಲ್ಲೇ ಎತ್ತಿದ್ದಾನೆ.

ಇನ್ನು ರನ್ನ. ಹತ್ತನೆಯ ಶತಮಾನದ ಕೊನೆಯ ಈ ಕವಿ ಗದಾಯುದ್ಧವನ್ನು ಬರೆದದ್ದು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು. ಹಾಗಿದ್ದೂ ಆ ಕಾವ್ಯದಲ್ಲಿ ಮನಸ್ಸಿನಿಂದ ಅಳಿಯದೆ ಉಳಿಯುವ ಭಾಗ ಸೋತವನದು. ಭೀಷ್ಮರನ್ನು ಕಾಣಲು ಸಂಜಯನೊಡನೆ ಹೊರಟ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾನೆ. ದ್ರೋಣರ ದೇಹವನ್ನು ಕಂಡ ಮೇಲೆ ಆತನ ಎದುರಿಗೆ ಬರುವುದು ಅಭಿಮನ್ಯುವಿನ ದೇಹ. ಈ ಹುಡುಗನನ್ನು ಸುತ್ತುಗಟ್ಟಿ ಕೊಂದದ್ದು ಆತನದೇ ಸೈನ್ಯ. ಆದರೂ ದುರ್ಯೋಧನ ಕೈಮುಗಿದು, ಇಂಥ ಸಾಹಸದ ಒಂದಂಶವಾದರೂ ಇರುವ ಸಾವು ತನಗೆ ದಕ್ಕಲಿ ಎಂದು ಬೇಡುತ್ತಾನೆ. ಸ್ವಲ್ಪ ಮುಂದೆ ಸ್ವಂತ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ಮಗ ತಂದೆಗೆ ಜಲಾಂಜಲಿ, ಅಂದರೆ ಸತ್ತವರಿಗೆ ಬಿಡುವ ಬೊಗಸೆ ನೀರು, ಕೊಡುವುದು ಕ್ರಮ. ಈಗ ನಾನೇ ನಿನಗೆ ಕೊಡಬೇಕಾಯಿತಲ್ಲ, ಮಗುವೇ, ಕ್ರಮವನ್ನು ನೀನು ತಿರುಗುಮುರುಗು ಮಾಡಬಹುದೇ ಎಂದು ಕೇಳುತ್ತಾನೆ. ನಾಲ್ಕೇ ಸಾಲಿನ ಕಂದಪದ್ಯ ಅದು. ಯುದ್ಧ ಮನೆಯೊಂದಕ್ಕೆ ಏನು ಮಾಡುತ್ತದೆ ಎಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ ಬರಹವನ್ನು ನಾನು ಯಾವ ಸಾಹಿತ್ಯದಲ್ಲೂ ಓದಿಲ್ಲ. ಇಲ್ಲಿ ಶೌರ್ಯಕ್ಕೆ ಕುಂದು ಬಂದಿದೆಯೇ? ವೈರಿಯ ಮಗನಿಗೂ ತನ್ನ ಮಗನಿಗೂ ಒಂದೇ ದಾರಿಯಲ್ಲಿ ತಲೆಬಾಗಿಸುವ ಮೂಲಕ ರನ್ನ ಶೌರ್ಯಕ್ಕೆ ತೆತ್ತ ಬೆಲೆಯನ್ನು ಎರಡೂ ಕಡೆಯ ಲೆಕ್ಕದಲ್ಲಿ ಬರೆದಿದ್ದಾನೆ.

ನಮ್ಮ ಕರಾವಳಿಯ ಯಕ್ಷಗಾನ ಆಟದ ಪ್ರೇಕ್ಷಕರಿಗೆ ಇದು ಹೊಸದಲ್ಲ. ಅಭಿಮನ್ಯು ಕಾಳಗದಲ್ಲಿ ಪುಂಡುವೇಷದ, ಅಂದರೆ ತರುಣ ವೀರನ ವೇಷದ, ದಿಗಿಣದ ಹಾರು ಕುಣಿತಕ್ಕೆ ಹುರುಪಿನಿಂದ ಸಿಳ್ಳೆ ಹಾಕುವ ಜನರೇ, ಸುಭದ್ರೆ ಮಗನನ್ನು ತಡೆಯುವ ಸನ್ನಿವೇಶದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಒಂದು ಇನ್ನೊಂದನ್ನು ಕೆಡಿಸಿತೆಂದು ಯಾರೂ ದೂರಿದ್ದಿಲ್ಲ.

ವೀರಗಲ್ಲುಗಳ ಮಾತು ತೆಗೆದಿದ್ದೀರಿ. ಉಡುಪಿಯ ಪಕ್ಕದ ಉದ್ಯಾವರದಲ್ಲಿ ದೊರೆತ, ಸುಮಾರು 8ನೇ ಶತಮಾನದ ಶಾಸನಗಳು ಕರಾವಳಿಯನ್ನಾಳಿದ ಆಳುಪ ರಾಜಮನೆತನದೊಳಗಿನ ಕಲಹದಲ್ಲಿ ಕಾದಿ ಸತ್ತ ಆಳುಗಳನ್ನು ಹೆಸರು ಹಿಡಿದು ನೆನೆಯುತ್ತವೆ. ಗದ್ದುಗೆಯ ಜಗಳ ಅರಸುಮಕ್ಕಳದು, ಕಲ್ಲಿನಲ್ಲಿರುವ ಹೆಸರು ಅವರಿಗಾಗಿ ಸತ್ತವರದು. ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವ ಚಿತ್ರವನ್ನು ಕೆತ್ತಿದ ನಾಡೇ, ಸತಿ ಹೋದವಳ ನೆನಪಿಗೆ ನೆಡುವ ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟ ಹೆಣ್ಣಿನ ತೋಳನ್ನೂ ಕೆತ್ತಿತು. ಆ ತೋಳನ್ನು ಬಿಟ್ಟು ವೀರಗಲ್ಲನ್ನಷ್ಟೇ ಪರಂಪರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯ ಕಾವ್ಯಗಳಲ್ಲಿ ಕೊರತೆಯಿಲ್ಲವೆಂದು ನಾನು ಹೇಳುತ್ತಿಲ್ಲ. ರನ್ನನ ದುರ್ಯೋಧನ ಬಂಧುಮಿತ್ರರ ಕೆಲವೇ ದೇಹಗಳ ಬಳಿ ನಿಂತು ಅಳಲು ಹೆಸರಿಲ್ಲದ ಸಾವಿರಾರು ಕಾಲಾಳುಗಳ ಹೆಣಗಳನ್ನು ದಾಟಿ ಹೋಗುತ್ತಾನೆ; ಅವರ ಮನೆಗಳಲ್ಲಿ ಯಾರಿದ್ದರು ಎಂದು ಕಾವ್ಯ ಕೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಹೊರಟದ್ದು 1931ರಲ್ಲಿ ಬಂದ ಕುವೆಂಪು ಅವರ ಸ್ಮಶಾನ ಕುರುಕ್ಷೇತ್ರಂ ನಾಟಕ. 1979ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ಪರ್ವ ಕಾದಂಬರಿ ಇನ್ನೂ ಕೆಳಗಿಳಿದು, ಅಷ್ಟೊಂದು ಸೈನ್ಯಕ್ಕೆ ಅನ್ನ ನೀರು ಎಲ್ಲಿಂದ ಬಂತು, ಕೊಳೆತ ಹೆಣಗಳ ನಾತವನ್ನು ಉಳಿದವರು ಹೇಗೆ ಸಹಿಸಿದರು ಎಂದು ಕೇಳಿತು. ನಮ್ಮ ಸಂಚಿಕೆಯ ಕಥೆ ಈ ಸಾಲಿಗೆ ಸೇರುವಷ್ಟು ದೊಡ್ಡದಲ್ಲದಿರಬಹುದು, ಆದರೆ ಅದು ಹಿಡಿದ ದಾರಿ ಇದೇ.

ಪಶ್ಚಿಮದಿಂದ ನಾವು ಕಲಿತದ್ದೂ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್ ಮೊದಲ ಮಹಾಯುದ್ಧ ಮುಗಿಯಲು ಒಂದು ವಾರ ಇರುವಾಗ, 1918ರ ನವೆಂಬರ್ 4ರಂದು ಸತ್ತ. ಆತ ಶೌರ್ಯಕ್ಕಾಗಿ ಪದಕ ಪಡೆದ ಸೇನಾಧಿಕಾರಿ. ಯುದ್ಧದ ಕ್ರೌರ್ಯವನ್ನು ಬರೆದವರು ಹೇಡಿಗಳಾಗಿದ್ದರು ಎಂಬ ಭಾವನೆ ತಮ್ಮ ಪತ್ರದಲ್ಲಿ ಒಂದೆರಡು ಕಡೆ ಇಣುಕಿರುವುದರಿಂದ ಇದನ್ನು ಹೇಳಬೇಕಾಯಿತು.

ಕೊನೆಯದಾಗಿ, ಪದವಿಪೂರ್ವ ಕಾಲೇಜಿನ ಮಕ್ಕಳ ಮುಂದೆ ಈ ವಿಷಯದ ಬಗ್ಗೆ ಮಾತನಾಡಲು ತಮ್ಮನ್ನು ಕರೆದಿದ್ದಾರೆಂದೂ ಯಾವುದನ್ನು ಓದಲಿ ಎಂದೂ ಕೇಳಿದ್ದೀರಿ. ಲಕ್ಷಣಕುಮಾರನ ಪದ್ಯವನ್ನು ಮೊದಲು ಹಳಗನ್ನಡದಲ್ಲೇ ರಾಗವಾಗಿ ಓದಿ, ಅರ್ಥವನ್ನು ಆಮೇಲೆ ಹೇಳಿ. ಬಳಿಕ ಅಭಿಮನ್ಯುವಿನ ಪದ್ಯವನ್ನು ಓದಿ, ಈ ಹುಡುಗ ಯಾರ ಕಡೆಯವನು ಎಂದು ಮಕ್ಕಳನ್ನೇ ಕೇಳಿ. ಸಮಯ ಉಳಿದರೆ ಕುವೆಂಪು ನಾಟಕದ ಒಂದು ದೃಶ್ಯವನ್ನು ಅವರಿಂದಲೇ ಓದಿಸಬಹುದು. ತಮ್ಮ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಈ ಸಂಚಿಕೆಯಲ್ಲೇ ಅಚ್ಚು ಹಾಕಿದ್ದೇವೆ. ಮಕ್ಕಳು ಕೊಟ್ಟ ಉತ್ತರಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅವಕ್ಕೂ ಜಾಗ ಇರುತ್ತದೆ.

— ಸಂಪಾದಕ, ಮಂಗಳೂರು