ಓದುಗರ ಪ್ರಶ್ನೆ: ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ನ್ಯಾಯವೇ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕಿ. ಎರಡು ವರ್ಷಗಳಿಂದ ನಮ್ಮಲ್ಲಿ ಕಾಯಂ ಗಣಿತ ಶಿಕ್ಷಕರಿಲ್ಲ. ಆದರೂ ಮಂಗಳೂರಿನ ಮಕ್ಕಳು ಬರೆಯುವ ಎಸ್‌ಎಸ್‌ಎಲ್‌ಸಿ ಪತ್ರಿಕೆಯನ್ನೇ ನಮ್ಮ ಮಕ್ಕಳೂ ಬರೆಯಬೇಕು. ಇದು ನ್ಯಾಯವೇ? ಇವರಿಗೆ ಸುಲಭದ ಪತ್ರಿಕೆ ಕೊಡಬಾರದೇಕೆ?

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಸುಲಭದ ಪತ್ರಿಕೆಯನ್ನು ನಾನು ಒಪ್ಪಲಾರೆ. ಅಂಥ ಅಂಕಪಟ್ಟಿ ಹಿಡಿದು ಪಿಯುಸಿಗೋ ಐಟಿಐಗೋ ಹೋಗುವ ಹುಡುಗಿಗೆ ಅಲ್ಲಿ ಸುಲಭದ ಪಾಠವೇನೂ ಕಾದಿರುವುದಿಲ್ಲ. ಪತ್ರಿಕೆ ಒಂದೇ ಇರಲಿ. ಅನ್ಯಾಯ ನಡೆಯುವುದು ಪರೀಕ್ಷೆಯ ಮೂರು ಗಂಟೆಗಳಲ್ಲಲ್ಲ, ಅದರ ಹಿಂದಿನ ಹತ್ತು ವರ್ಷಗಳಲ್ಲಿ.

2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ (ನಕಲು ತಡೆಯಲು ಕ್ಯಾಮೆರಾ ಮೂಲಕ ನೇರ ನಿಗಾ) ಜಾರಿಯಾದಾಗ ರಾಜ್ಯದ ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ. 94 ಪಡೆದು ಮೊದಲ ಸ್ಥಾನದಲ್ಲಿದ್ದರೆ ನಿಮ್ಮ ಜಿಲ್ಲೆ ಶೇ. 50.59 ಪಡೆದು ಕೊನೆಯಲ್ಲಿತ್ತು. ಮರುವರ್ಷ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡಕ್ಕೆ ಶೇ. 91.12, ಕಲಬುರಗಿಗೆ ಶೇ. 42.43. ಇಷ್ಟು ದೊಡ್ಡ ಅಂತರಕ್ಕೆ ಮಕ್ಕಳ ಬುದ್ಧಿಶಕ್ತಿ ಕಾರಣವೆಂದು ಯಾರೂ ಹೇಳಲಾರರು. ನಕಲು ತಡೆದದ್ದು ಸರಿಯೇ. ಆದರೆ ಕ್ಯಾಮೆರಾ ಕೂರಿಸಿದ ತುರ್ತಿನಲ್ಲಿ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೌಲ್ಯಮಾಪನಕ್ಕೆ ಹೋಗುತ್ತಿದ್ದ ದಿನಗಳಲ್ಲಿ ನೋಡಿದ ಒಂದು ಉತ್ತರಪತ್ರಿಕೆ ನೆನಪಾಗುತ್ತದೆ. ದುಂಡನೆಯ ಅಕ್ಷರ, ನೇರವಾಗಿ ಎಳೆದ ಮಾರ್ಜಿನ್, ಪ್ರಶ್ನೆಸಂಖ್ಯೆಗಳ ಕೆಳಗೆ ಗೆರೆ. ಆದರೆ ಉತ್ತರದ ಜಾಗದಲ್ಲೆಲ್ಲ ಪ್ರಶ್ನೆಯನ್ನೇ ಒಂದಕ್ಷರ ತಪ್ಪದಂತೆ ಇಳಿಸಲಾಗಿತ್ತು. ಮೂರು ಗಂಟೆ ಕುಳಿತು ಬರೆದ ಆ ಮಗು ಸೋಮಾರಿಯಲ್ಲ. ಹತ್ತು ವರ್ಷ ಶಾಲೆಗೆ ಬಂದು, ನೋಡಿ ಬರೆಯುವುದನ್ನಷ್ಟೇ ಕಲಿತಿತ್ತು. ನಾನು ಸೊನ್ನೆ ಹಾಕಿದೆ, ಬೇರೆ ದಾರಿಯಿರಲಿಲ್ಲ. ಆ ಸೊನ್ನೆ ಯಾರದೆಂದು ಕೇಳುವ ಕಾಲಂ ಮಾತ್ರ ಅಂಕಪಟ್ಟಿಯಲ್ಲಿರಲಿಲ್ಲ.

ಆದ್ದರಿಂದ ಪ್ರತಿ ಶಾಲೆಯ ಫಲಿತಾಂಶದ ಪಕ್ಕದಲ್ಲೇ, ಆ ವರ್ಷ ಯಾವ ವಿಷಯಕ್ಕೆ ಎಷ್ಟು ತಿಂಗಳು ಶಿಕ್ಷಕರಿದ್ದರು, ಅತಿಥಿ ಶಿಕ್ಷಕರು ಯಾವ ತಿಂಗಳಲ್ಲಿ ಬಂದರು ಎಂಬುದನ್ನೂ ಪ್ರಕಟಿಸಬೇಕೆಂದು ನನ್ನ ಒತ್ತಾಯ. ಈಗ ಫಲಿತಾಂಶ ಕುಸಿದರೆ ಮುಖ್ಯೋಪಾಧ್ಯಾಯರಿಗೆ ನೋಟಿಸು ಬರುತ್ತದೆ. ಹುದ್ದೆ ಖಾಲಿ ಉಳಿಸಿದವರಿಗೂ ಅದೇ ನೋಟಿಸು ಹೋಗಬೇಕು. ಕೃಪಾಂಕ ಒಂದು ವರ್ಷದ ಪಟ್ಟಿಯನ್ನು ಚೆಂದಗಾಣಿಸಬಹುದು, ಆದರೆ ಆ ಮಗುವಿಗೆ ಭಿನ್ನರಾಶಿಯನ್ನು ಕಲಿಸದು.

ಕೊನೆಯದಾಗಿ, ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಮೊದಲನೆಯದರಲ್ಲಿ ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಬರೆಯಬಹುದು. ಆದರೆ ಫಲಿತಾಂಶ ಬರುವ ಹೊತ್ತಿಗೆ ನಿಮ್ಮ ಕಡೆಯ ಎಷ್ಟೋ ಮಕ್ಕಳು ತಂದೆತಾಯಿಯ ಜೊತೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುತ್ತಾರೆ. ಹಾಲ್‌ಟಿಕೆಟ್ ಕೊಡುವ ದಿನವೇ ಮನೆಯವರ ನಂಬರಿನ ಜೊತೆಗೆ, ಊರಲ್ಲಿ ಉಳಿಯುವ ಅಜ್ಜಿಯದೋ ದೊಡ್ಡಪ್ಪನದೋ ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಿ. ಎರಡನೇ ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕ ಗೊತ್ತಾದ ಕೂಡಲೇ ಆ ನಂಬರುಗಳಿಗೆ ಕರೆ ಮಾಡಿ.